ಎದೆಯೆತ್ತರದ ಪಾಗಾರ

ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಸೌಹಾರ್ದದ ಕಾರ್ಯಕ್ರಮ ನಡೆಯುತ್ತದೆ. ಮಕ್ಕಳು ಥರ್ಮಾಕೋಲ್ ಹಾಳೆಗೆ ಇಟ್ಟಿಗೆಯ ಬಣ್ಣ ಬಳಿದು, ಅದರ ಮೇಲೆ ಜಾತಿ, ಭಾಷೆ, ದ್ವೇಷ ಎಂದು ದಪ್ಪ ಅಕ್ಷರದಲ್ಲಿ ಬರೆದು ವೇದಿಕೆಯಲ್ಲಿ ನಿಲ್ಲಿಸುತ್ತಾರೆ. ಅತಿಥಿಗಳ ಭಾಷಣ ಮುಗಿದ ಕೂಡಲೇ ಏಳನೆಯ ತರಗತಿಯವರು ಓಡಿ ಬಂದು ಅದನ್ನು ಒದೆಯುತ್ತಾರೆ. ಗೋಡೆ ಬೀಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರುದಿನ ಆಯಾ ಆ ಬಿಳಿ ಕಾಳುಗಳನ್ನು ಗುಡಿಸುತ್ತ ನಮ್ಮೆಲ್ಲರಿಗೂ ಬೈಯುತ್ತಾಳೆ. ಕಳೆದ ವರ್ಷ ಹಿರಿಯ ಟೀಚರ್ ಎಂದು ನನ್ನನ್ನೇ ಭಾಷಣಕ್ಕೆ ಕರೆದರು. ಗಂಟಲು ನೋವು ಎಂದು ತಪ್ಪಿಸಿಕೊಂಡೆ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಗೋಡೆಯ ವಿಷಯದಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಎಂಬುದು ಆಗ ನನಗೊಬ್ಬಳಿಗೇ ಗೊತ್ತಿತ್ತು, ಅಷ್ಟೆ.

ಹಾಗೆಂದು ನಾನು ಗೋಡೆಯ ವಿರೋಧಿಯೂ ಅಲ್ಲ. ಗೋಡೆಯೆಂದರೆ ಕೆಟ್ಟದ್ದು ಎನ್ನುವವರು ಒಂದು ವಾರ ಗೋಡೆಯಿಲ್ಲದ ಮನೆಯಲ್ಲಿದ್ದು ನೋಡಬೇಕು. ಸ್ನಾನಕ್ಕೆ ಗೋಡೆ ಬೇಕು, ಗಂಡಹೆಂಡಿರ ಜಗಳಕ್ಕೆ ಗೋಡೆ ಬೇಕು, ಒಬ್ಬಳೇ ಕೂತು ಅಳುವುದಕ್ಕೂ ಬೇಕು. ನನ್ನ ಅನುಭವದಲ್ಲಿ ಗೋಡೆ ಇರಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಅಲ್ಲ. ಎಷ್ಟು ಎತ್ತರ ಎಂಬುದೊಂದೇ ಪ್ರಶ್ನೆ.

ನಮ್ಮ ಮನೆ ಇರುವುದು ಶಕ್ತಿನಗರದಲ್ಲಿ, ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ. ರಸ್ತೆ ಕೆಳಗೆ, ಮನೆಗಳು ಮೇಲೆ. ಹಾಗಾಗಿ ಪ್ರತಿ ಮನೆಗೂ ಅದರದ್ದೇ ಮೆಟ್ಟಿಲುಗಳು. ನಮ್ಮದು ಇಪ್ಪತ್ತೊಂದು, ಪಕ್ಕದ ಮನೆಯದ್ದು ಇಪ್ಪತ್ತಮೂರು. ಹಿತ್ತಲು ಮಾತ್ರ ಎರಡು ಮನೆಗೂ ಒಂದೇ ಮಟ್ಟದಲ್ಲಿದೆ. ಅಪ್ಪ ಜಾಗ ತೆಗೆದುಕೊಂಡ ಹೊಸತರಲ್ಲಿ ಹಿತ್ತಲುಗಳ ನಡುವೆ ದಾಸವಾಳದ ಬೇಲಿ, ಬೇಲಿಯಲ್ಲೊಂದು ತಡಮೆ ಇತ್ತಂತೆ. ತಡಮೆ ಎಂದರೆ ದನ ನುಗ್ಗದ ಹಾಗೆ, ಮನುಷ್ಯ ಕಾಲೆತ್ತಿ ದಾಟಬಹುದಾದ ಹಾಗೆ ಬೇಲಿಯ ನಡುವೆ ಕಟ್ಟುವ ಅಡ್ಡಮರ. ಬೇಲಿ ಯಾರಿಗೆ, ದಾರಿ ಯಾರಿಗೆ ಎಂಬ ಬಗ್ಗೆ ನಮ್ಮ ಹಿಂದಿನವರಿಗೆ ಗೊಂದಲ ಇರಲಿಲ್ಲ. ಆಮೇಲೆ ಬೇಲಿಯ ಬುಡಕ್ಕೆ ಗೆದ್ದಲು ಹಿಡಿದು ಅದು ಹೋಯಿತು, ಅದರ ಜಾಗಕ್ಕೆ ಪಾಗಾರ ಬಂತು. ಮನೆಯ ಸುತ್ತಿನ ಗೋಡೆಗೆ ನಮ್ಮ ಕಡೆ ಪಾಗಾರ ಎನ್ನುತ್ತಾರೆ. ಐದು ಸಾಲು ಕೆಂಪುಕಲ್ಲು, ಅಮ್ಮನ ಎದೆಯ ಮಟ್ಟಕ್ಕೆ. ನಾನು ಕಣ್ಣು ಬಿಟ್ಟಾಗಿನಿಂದ ಕಂಡದ್ದು ಅದನ್ನೇ.

ಅಪ್ಪ ಹತ್ತಿರದ ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ಪಕ್ಕದ ಮನೆಯವರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಆ ಮನೆಯ ಯಜಮಾನರು ಗಲ್ಫಿನಲ್ಲಿದ್ದು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಮತ್ತು ಮಕ್ಕಳು. ಆ ಮಕ್ಕಳು ತಾಯಿಯನ್ನು ಉಮ್ಮ ಎಂದು ಕರೆಯುವುದನ್ನು ಕೇಳಿ ನಾನೂ ಅವರನ್ನು ಉಮ್ಮ ಎಂದೇ ಕರೆದೆ. ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದರು, ಅವರೂ ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರಲ್ಲಿ ನಿಜವಾಗಿ ದೊಡ್ಡವರು ಯಾರು ಎಂದು ಇಂದಿಗೂ ಇತ್ಯರ್ಥವಾಗಿಲ್ಲ.

ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಇಬ್ಬರೂ ಪಾಗಾರಕ್ಕೆ ಬರುತ್ತಿದ್ದರು. ಮೊಣಕೈ ಎರಡನ್ನೂ ಕಲ್ಲಿನ ಮೇಲೆ ಊರಿ ತುಳುವಿನಲ್ಲಿ ಮಾತಿಗೆ ನಿಂತರೆ ನಾಲ್ಕು ಗಂಟೆಯ ಬಸ್ಸು ಹೋಗುವವರೆಗೂ ಮುಗಿಯುತ್ತಿರಲಿಲ್ಲ. ಎಂಥ ಮಾತು ಎಂದು ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಬೆನ್ನು ನೋವು, ಹೀರೆಕಾಯಿ ಕಹಿಯಾದದ್ದು, ಗಂಡಂದಿರ ಮೊಂಡುತನ. ಅಮ್ಮ ಮಡಿಯವರು, ಇನ್ನೊಬ್ಬರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಉಮ್ಮ ಹೊರಗಿನವರ ಎದುರು ಬರುತ್ತಿರಲಿಲ್ಲ. ಪಾಗಾರ ಇದ್ದುದರಿಂದಲೇ ಅಮ್ಮನ ಮಡಿಯೂ ಉಳಿಯಿತು, ಉಮ್ಮನ ಮರೆಯೂ ಉಳಿಯಿತು, ಇಬ್ಬರೂ ಒಂದು ಮೊಳ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ಇಡೀ ಆಯುಷ್ಯದ ಮಾತನಾಡಿದರು.

ಪಾಗಾರದ ಮೇಲಿನಿಂದ ವಸ್ತುಗಳೂ ದಾಟುತ್ತಿದ್ದವು. ಅದಕ್ಕೊಂದು ಕ್ರಮ ಇತ್ತು. ಅಲ್ಲಿ ಬೇಯಿಸಿದ್ದನ್ನು ನಾವು ತಿನ್ನುವಂತಿಲ್ಲ, ಆದ್ದರಿಂದ ಹಬ್ಬಕ್ಕೆ ಉಮ್ಮ ಶ್ಯಾವಿಗೆ, ಸಕ್ಕರೆ, ಗೇರುಬೀಜ, ತುಪ್ಪದ ಬಾಟ್ಲಿ ಎಲ್ಲವನ್ನೂ ಹಾಗೆಯೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಪಾಯಸ ಅಮ್ಮನೇ ಮಾಡಿಕೊಳ್ಳಬೇಕು. ಉಮ್ಮನಿಗೂ ಅವರದ್ದೇ ನಿಯಮ ಇತ್ತು. ದೇವರಿಗೆ ನೈವೇದ್ಯ ಮಾಡಿದ್ದನ್ನು ಅವರು ತಿನ್ನುತ್ತಿರಲಿಲ್ಲ. ಇದನ್ನು ಅವರು ಹೇಳಿದ್ದಲ್ಲ, ಅಮ್ಮ ತಿಳಿದುಕೊಂಡದ್ದು. ಆದರೆ ನಮ್ಮಲ್ಲಿ ಹಬ್ಬದ ಅಡುಗೆ ಮೊದಲು ದೇವರಿಗೆ, ಆಮೇಲೆ ಉಳಿದವರಿಗೆ. ಅಮ್ಮ ಏನು ಮಾಡುತ್ತಿದ್ದರೆಂದರೆ, ನೈವೇದ್ಯಕ್ಕೆ ಮೊದಲೇ ಒಂದು ಸೌಟು ಪಾಯಸ ತೆಗೆದು ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದರು. ಅರ್ಚಕರ ಹೆಂಡತಿ ದೇವರ ಮೀಸಲು ಮುರಿಯುವುದೆಂದರೆ ಸಣ್ಣ ಮಾತಲ್ಲ. ಒಂದು ಅಷ್ಟಮಿಯಂದು ಅಪ್ಪನ ಕಣ್ಣಿಗೆ ಅದು ಬಿತ್ತು. ಎರಡು ದಿನ ಬಿಟ್ಟು ಪೇಟೆಗೆ, ಹಂಪನಕಟ್ಟೆಗೆ ಹೋದವರು ಒಂದು ಚಿಕ್ಕ ತಪಲೆ ತಂದು ಅಮ್ಮನ ಮುಂದಿಟ್ಟು, ಇನ್ನು ಮೇಲೆ ಆಚೆಮನೆಯವರದ್ದನ್ನು ಇದರಲ್ಲಿ ಬೇರೆಯೇ ಮಾಡು, ದೇವರದ್ದರಲ್ಲಿ ಕೈ ಹಾಕಬೇಡ ಎಂದರು. ನಮ್ಮ ಅಪ್ಪ ಎಂಥವರಾಗಿದ್ದರು ಎಂದು ಯಾರಾದರೂ ಕೇಳಿದರೆ ನಾನು ಈ ತಪಲೆಯ ಕತೆ ಹೇಳುತ್ತೇನೆ.

ಇಂಥ ಮನೆಯಲ್ಲಿ ಹುಟ್ಟಿದ ನಾನು ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಮಾಡಿದ ಕೆಲಸ ಇದು.

ಆಗ ನನಗೆ ಇಪ್ಪತ್ತೇಳು. ಎರಡು ಸಂಬಂಧ ಬಂದು ಕೈತಪ್ಪಿ ಹೋಗಿದ್ದವು. ಮೂರನೆಯದಾಗಿ ಕುಲಶೇಖರದಿಂದ ಬಂದ ಹುಡುಗ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸದಲ್ಲಿದ್ದ. ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವಾಗ ಅವನ ಕೈ ನಡುಗಿ ಕಾಫಿ ಪಂಚೆಗೆ ಚೆಲ್ಲಿತು. ಅದನ್ನು ಯಾರೂ ನೋಡಲಿಲ್ಲವೆಂದು ಅವನು ಅಂದುಕೊಂಡ. ಅಷ್ಟಕ್ಕೇ ನನಗೆ ಅವನು ಬೇಕೆನಿಸಿದ. ಜೊತೆಯಲ್ಲಿ ಅವನ ಸೋದರತ್ತೆ ಬಂದಿದ್ದರು. ಆ ಮನೆಯಲ್ಲಿ ಅವರ ಮಾತೇ ಮಾತು ಎಂಬುದು ಅವರು ಚಾಪೆಯ ಮೇಲೆ ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಆ ದಿನ ಉಮ್ಮ ತಮ್ಮ ಮನೆಯಲ್ಲಿ ಮೀನು ಮಾಡಿರಲಿಲ್ಲ. ಬರುವವರಿಗೆ ವಾಸನೆ ಆಗಬಾರದು ಎಂದು ಹಿಂದಿನ ದಿನವೇ ಅಮ್ಮನಿಗೆ ಹೇಳಿದ್ದರಂತೆ. ಇದು ನನಗೆ ತಿಳಿದದ್ದು ಬಹಳ ಆಮೇಲೆ.

ಸೋದರತ್ತೆಗೆ ಮನೆ ನೋಡಬೇಕೆನಿಸಿತು. ಅಮ್ಮ ಅಡುಗೆಮನೆಯಲ್ಲಿ ಸಜ್ಜಿಗೆ ಬಡಿಸುತ್ತಿದ್ದುದರಿಂದ ನಾನೇ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಆಗ ಉಮ್ಮ ಪಾಗಾರದ ಆಚೆ ಬಂದು ನಿಂತಿದ್ದರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ, ಅವರದ್ದೇ ಗಿಡದ ಮಲ್ಲಿಗೆ ಕಟ್ಟಿ ತಂದಿದ್ದರು. ನನ್ನನ್ನು ನೋಡಿ ನಕ್ಕರು. ಸೋದರತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, ಇವರೆಲ್ಲ ಒಳಗೆ ಬಂದು ಹೋಗಿ ಮಾಡುವುದುಂಟಾ ಎಂದು ಕೇಳಿದರು.

"ಇಲ್ಲ," ಎಂದೆ ನಾನು. "ನಮಗೂ ಅವರಿಗೂ ಮಾತುಕತೆ ಇಲ್ಲ. ಪಾಗಾರ ಎತ್ತರ ಮಾಡ್ಲಿಕ್ಕುಂಟು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆ ಇದೆ. ನಾನು ಹೇಳಿದ್ದು ಒಂದೇ. ಯಾರೂ ಹೇಳಿಕೊಟ್ಟದ್ದಲ್ಲ, ಯೋಚಿಸಿ ಹೇಳಿದ್ದೂ ಅಲ್ಲ. ಬಾಯಿಗೆ ತಾನಾಗಿ ಬಂತು. ಉಮ್ಮನಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ ಪಡುವಷ್ಟೂ ದೂರ ಇರಲಿಲ್ಲ. ಅವರು ಪೊಟ್ಟಣವನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಮ್ಮ ಅದನ್ನು ಕಂಡು, ಆಚೆಮನೆ ಅಕ್ಕ ಇಟ್ಟದ್ದು ಎಂದು ಸಂತೋಷದಿಂದ ತಂದು ನನ್ನ ಜಡೆಗೆ ಮುಡಿಸಿದರು. ಆ ಹೂ ಮುಡಿದುಕೊಂಡೇ ನಾನು ಅವರೆಲ್ಲರಿಗೆ ನಮಸ್ಕಾರ ಮಾಡಿದೆ. ಸಂಬಂಧ ಕುದುರಿತು.

ಮೂರು ವಾರದಲ್ಲಿ ಪಕ್ಕದ ಮನೆಯ ಅಂಗಳಕ್ಕೆ ಸಿಮೆಂಟಿನ ಹಾಲೋ ಬ್ಲಾಕ್ ಬಂದು ಬಿತ್ತು. ಉಮ್ಮನ ದೊಡ್ಡ ಮಗ ಗಲ್ಫಿನಿಂದ ಬಂದಿದ್ದ, ಅವನಿಗೂ ಮದುವೆ ನಿಶ್ಚಯವಾಗಿತ್ತು. ಅವನು ಅಪ್ಪನಲ್ಲಿ ಬಂದು, ಪಾಗಾರ ಸ್ವಲ್ಪ ಎತ್ತರಿಸುತ್ತೇವೆ, ಆಗಬಹುದಲ್ಲ ಎಂದು ಕೇಳಿದ. ಮನೆಗೆ ಸೊಸೆ ಬರುತ್ತಾಳೆ, ಮರೆ ಬೇಕಾದೀತು ಎಂದು ಅಪ್ಪ ಒಪ್ಪಿದರು. ಕೆಂಪುಕಲ್ಲಿನ ಮೇಲೆ ಬ್ಲಾಕುಗಳು ಏರಿದವು. ಕೆಲಸದವರಿಗೆ ಅಮ್ಮ ನೀರುಮಜ್ಜಿಗೆ ಮಾಡಿ ಕೊಟ್ಟರು. ಸಂಜೆಯ ಹೊತ್ತಿಗೆ ಆಚೆಯ ಬಾವಿಕಟ್ಟೆ ಕಾಣದಾಯಿತು, ಮರುದಿನ ಮಲ್ಲಿಗೆ ಗಿಡ ಕಾಣದಾಯಿತು. ಎರಡು ದಿನವೂ ಉಮ್ಮ ಹೊರಗೆ ಬರಲಿಲ್ಲ.

ಪಾಗಾರ ಮುಗಿದ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಒಂದು ಮಾತು ಹೇಳಿದರು. ಆ ವರ್ಷದ ಚೌತಿಯಂದು ಗಡಿಬಿಡಿಯಲ್ಲಿ ತಪಲೆ ಅದಲುಬದಲಾಗಿತ್ತಂತೆ. ಉಮ್ಮನಿಗೆ ಹೋದದ್ದು ದೇವರಿಗೆ ಇಟ್ಟ ಪಾಯಸ. ಕೊಟ್ಟಾದ ಮೇಲೆ ಅಮ್ಮನಿಗೆ ತಿಳಿಯಿತು, ಹೇಳುವ ಧೈರ್ಯ ಬರಲಿಲ್ಲ. "ಅವರಿಗೆ ಹೇಗೋ ಗೊತ್ತಾಗಿದೆ," ಎಂದರು ಅಮ್ಮ. "ನಂಬಿ ತಿಂದವರಿಗೆ ನಾನು ಹಾಗೆ ಮಾಡಬಾರದಿತ್ತು." ಅವರ ಕಣ್ಣಲ್ಲಿ ನೀರಿತ್ತು. ನಾನು ಆಗಲೇ ಬಾಯಿ ಬಿಟ್ಟು, ಅಲ್ಲ ಅಮ್ಮ, ತಪ್ಪು ನಿಮ್ಮದಲ್ಲ, ನನ್ನದು ಎನ್ನಬೇಕಿತ್ತು. ಮದುವೆಗೆ ಐದು ವಾರ ಇತ್ತು. ನಾನು ಸುಮ್ಮನಿದ್ದೆ.

ಆಮೇಲೆ ಸುಮ್ಮನಿರುವುದು ಸುಲಭವಾಯಿತು. ಅದಕ್ಕೆ ಊರೇ ಸಹಾಯ ಮಾಡಿತು. ನೆಂಟರು ಬಂದು ಪಾಗಾರ ನೋಡಿ, ಕಾಲವೇ ಹಾಗುಂಟು, ಅವರು ಮೊದಲಿನ ಹಾಗಿಲ್ಲ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಆಚೆಮನೆಯ ನೆಂಟರೂ ಅವರ ಬದಿಯಿಂದ ನೋಡಿ ಇದನ್ನೇ ಹೇಳಿರಬೇಕು. ನಮ್ಮ ಊರಿನಲ್ಲಿ ಆಗಾಗ ಬಿಸಿಯೇರಿ ಅಂಗಡಿಗಳ ಶಟರು ಇಳಿಯುವ ದಿನಗಳು ಬರುತ್ತವೆ. ಅಂಥ ದಿನಗಳಲ್ಲಿ ನಮ್ಮ ಪಾಗಾರಕ್ಕೆ ಕಾರಣವನ್ನು ಯಾರೂ ಕೇಳುವ ಅಗತ್ಯವೇ ಇರಲಿಲ್ಲ, ಕಾರಣ ಎಲ್ಲರ ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ನಾನು ಅದನ್ನು ಒಮ್ಮೆಯೂ ತಿದ್ದಲಿಲ್ಲ. ಇಡೀ ಒಂದು ಸಮುದಾಯದ ಮೇಲೆ ಹೋಗುತ್ತಿದ್ದ ಮಾತಿನ ಹಿಂದೆ ನಾನು ಅಡಗಿ ಕೂತಿದ್ದೆ. ಸುಳ್ಳು ಹೇಳಿದ್ದಕ್ಕಿಂತಲೂ ಇದಕ್ಕೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಪಾಗಾರ ಎದ್ದ ಮೇಲೆ ಅವರಿಬ್ಬರು ಜಗಳಾಡಲಿಲ್ಲ. ಜಗಳಾಡಿದ್ದರೆ ರಾಜಿಯಾದರೂ ಆಗುತ್ತಿತ್ತು. ರಸ್ತೆಯಲ್ಲಿ ಸಿಕ್ಕರೆ ನಿಂತು ಮಾತನಾಡುತ್ತಿದ್ದರು. ಮೊದಮೊದಲು ಹಬ್ಬಕ್ಕೆ ಶ್ಯಾವಿಗೆಯೂ ಪಾಯಸವೂ ಮೆಟ್ಟಿಲಿಳಿದು ಮೆಟ್ಟಿಲು ಹತ್ತಿದವು. ಆದರೆ ಪಾಗಾರಕ್ಕೆ ಬರುವುದಕ್ಕೂ ಗೇಟಿನಿಂದ ಬರುವುದಕ್ಕೂ ವ್ಯತ್ಯಾಸ ಇದೆ. ಪಾಗಾರಕ್ಕೆ ಉಟ್ಟ ಬಟ್ಟೆಯಲ್ಲಿ, ಒದ್ದೆ ಕೈಯಲ್ಲಿ ಬರಬಹುದು. ಗೇಟಿನಿಂದ ಹೋಗಬೇಕಾದರೆ ಸೀರೆ ಬದಲಿಸಬೇಕು, ಉಮ್ಮನಾದರೆ ಬುರ್ಖಾ ಹಾಕಬೇಕು, ಹೋಗುವುದಕ್ಕೆ ಒಂದು ಕಾರಣ ಬೇಕು, ಹೋದ ಮೇಲೆ ಕುರ್ಚಿಯಲ್ಲಿ ಕೂರಬೇಕು. ಹೀರೆಕಾಯಿ ಕಹಿಯಾಯಿತು ಎಂದು ಹೇಳಲಿಕ್ಕೆ ಯಾರೂ ಸೀರೆ ಬದಲಿಸಿ ನಲವತ್ತನಾಲ್ಕು ಮೆಟ್ಟಿಲು ಇಳಿದು ಹತ್ತುವುದಿಲ್ಲ. ಹಾಗೆ ಅದು ನಿಂತೇ ಹೋಯಿತು.

ನಾನು ಮದುವೆಯಾಗಿ ಕುಲಶೇಖರಕ್ಕೆ ಹೋದೆ. ಇಷ್ಟೆಲ್ಲ ಮಾಡಿ ಮೆಚ್ಚಿಸಿದ ಆ ಸೋದರತ್ತೆ ಮದುವೆಯ ಮೇಲೆ ನಮ್ಮ ತವರಿಗೆ ಬಂದದ್ದು ಎರಡೇ ಸಲ, ಹಿತ್ತಲಿಗೆ ಹೋಗಲೇ ಇಲ್ಲ. ಗಂಡ ಒಳ್ಳೆಯವನು. ಅವನಿಗೂ ನಾನು ಈ ವಿಷಯ ಹೇಳಲಿಲ್ಲ. ಹತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅಂದು ಉಮ್ಮ ನಮ್ಮ ಮೆಟ್ಟಿಲಿನ ಕೆಳಗೆ, ರಸ್ತೆಯ ಬದಿಯಲ್ಲಿ, ದೇಹ ಸಾಗಿಸುವವರೆಗೂ ಬಿಸಿಲಲ್ಲಿ ನಿಂತೇ ಇದ್ದರು. ಒಳಗೆ ಮಡಿಯಲ್ಲಿ ಕ್ರಿಯೆ ನಡೆಯುತ್ತದೆ, ತಾನು ಬರಬಾರದು ಎಂದು ಅವರು ಮೇಲೆ ಬರಲಿಲ್ಲ. ನಾನು ಜಗಲಿಯಿಂದ ನೋಡಿದೆ. ಇಳಿದು ಹೋಗಿ ಕೈ ಹಿಡಿದುಕೊಳ್ಳಬೇಕೆನಿಸಿತು, ಇಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅವರು ನನ್ನ ಕಡೆ ನೋಡಿದಾಗಲೆಲ್ಲ ನಾನು ಬೇರೆ ಕಡೆ ನೋಡಿದೆ. ಆ ನಂತರ ನಾನೂ ಗಂಡನೂ ಅಮ್ಮನ ಮನೆಗೇ ಬಂದು ನೆಲೆಸಿದೆವು.

ಕಳೆದ ಆಟಿ ತಿಂಗಳ ಮಳೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆದರೆ ನಡೆಯುವಂತಾಗಲಿಲ್ಲ. ಗಾಳಿ ಬರುತ್ತದೆಂದು ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಮಂಚ ಹಾಕಿದೆವು. ಕಿಟಕಿಯಿಂದ ಕಾಣುವುದು ಪಾಗಾರ ಒಂದೇ, ಹಾವಸೆ ಹಿಡಿದು ಕಪ್ಪಾದ ಬ್ಲಾಕುಗಳು.

ಸುದ್ದಿ ಕೇಳಿ ಉಮ್ಮ ನೋಡಲು ಬಂದರು. ಅವರಿಗೂ ಗಂಟುನೋವು, ಮೆಟ್ಟಿಲು ಇಳಿಯಲಾಗದು. ಮಗನೂ ಮೊಮ್ಮಗನೂ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಬುರ್ಖಾದಲ್ಲಿ ಬೆವತು, ಏದುಸಿರು ಬಿಡುತ್ತ ಹತ್ತು ನಿಮಿಷ ಮಂಚದ ಎದುರು ಕೂತರು. ಯಾವ ಡಾಕ್ಟರು, ಯಾವ ಮಾತ್ರೆ, ಬಿಪಿ ಎಷ್ಟು ಎಂಬ ಮಾತುಗಳಾದವು. ಎತ್ತಿದವರು ಕಾಯುತ್ತಿದ್ದರು, ಹೋದರು. ಅವರು ಹೋದ ಮೇಲೆ ಅಮ್ಮ, ಅಕ್ಕ ಬಂದರೂ ಬಂದ ಹಾಗೆ ಆಗಲಿಲ್ಲ ಎಂದರು.

ಅದಾದ ಮೇಲೆ ಒಂದು ಹೊಸ ಅಭ್ಯಾಸ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಗಟ್ಟಿಯಾಗಿ, "ಅಕ್ಕಾ, ಮಳೆ ಬಿಟ್ಟಿತಲ್ಲ," ಎನ್ನುವರು. ಸ್ವಲ್ಪ ಹೊತ್ತು ಕಾದು ಮತ್ತೊಂದು ಮಾತು. ನನಗೆ ಹೆದರಿಕೆಯಾಯಿತು. ಬುದ್ಧಿಗೆ ಏನಾದರೂ ಆಯಿತೇ ಎಂದು ತಿಥಿ, ವಾರ, ಮೊಮ್ಮಗಳ ಹೆಸರು ಎಲ್ಲ ಕೇಳಿದೆ. ಎಲ್ಲವನ್ನೂ ಸರಿಯಾಗಿ ಹೇಳಿದರು. "ನನಗೆ ಮರುಳಲ್ಲ ಮಾರಾಯ್ತಿ," ಎಂದರು. "ಕೇಳಿದ್ರೆ ಕೇಳ್ಲಿ ಅಂತ ಹೇಳುವುದು." ಫೋನಿನಲ್ಲಿ ಮಾತನಾಡಿಸೋಣವೆಂದರೆ ಅಮ್ಮನ ಕಿವಿಗೆ ಮೊಬೈಲಿನ ಧ್ವನಿ ಹಿಡಿಯುವುದಿಲ್ಲ, ಎದುರಿನವರ ತುಟಿ ಕಾಣಬೇಕು.

ಒಂದು ಭಾನುವಾರ ಮಧ್ಯಾಹ್ನ ನನ್ನಿಂದ ತಡೆಯಲಾಗಲಿಲ್ಲ. ಇಪ್ಪತ್ತೊಂದು ಮೆಟ್ಟಿಲು ಇಳಿದು ಇಪ್ಪತ್ತಮೂರು ಹತ್ತಿದೆ. ಉಮ್ಮ ಎಲ್ಲಿ ಎಂದಾಗ ಸೊಸೆ ಹಿತ್ತಲಿನ ಕಡೆ ಕೈ ತೋರಿಸಿ, ಊಟ ಆದದ್ದೇ ಅಲ್ಲಿ ಹೋಗಿ ಕೂರುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದಳು.

ಅವರು ಪಾಗಾರಕ್ಕೆ ತಾಗಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಆಚೆಯಿಂದ ಅಮ್ಮನ ಧ್ವನಿ ಬಂತು, "ಅಕ್ಕಾ, ಇವತ್ತು ಬಿಸಿಲುಂಟಲ್ಲ." ಉಮ್ಮ ಕತ್ತೆತ್ತಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಹೌದು, ಹಪ್ಪಳ ಒಣಗಿಸಲಿಕ್ಕೆ ಒಳ್ಳೆಯದು ಎಂದು ಉತ್ತರ ಕೊಟ್ಟರು. ಆ ಸಣ್ಣ ಧ್ವನಿ ಪಾಗಾರದ ತುದಿಯನ್ನೂ ಮುಟ್ಟುತ್ತಿರಲಿಲ್ಲ. ಆಮೇಲೆ ನನ್ನನ್ನು ಕಂಡು ಸ್ವಲ್ಪ ನಾಚಿಕೊಂಡರು.

"ಅವರಿಗೆ ಕೇಳುವುದಿಲ್ಲ ಕಾಣ್ತದೆ," ಎಂದರು. "ಆದ್ರೆ ಕರೆದ ಮೇಲೆ ಓ ಅನ್ನದೆ ಇರ್ಲಿಕ್ಕೆ ಆಗ್ತದಾ ಮಗಾ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಮನೆಯಿಂದ ಹೊರಡುವಾಗ ಸಾಲಾಗಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ಆ ದಿನ ಸೋದರತ್ತೆಯ ಎದುರು ಹೇಳಿದ್ದನ್ನು, ಆಮೇಲೆ ಸುಮ್ಮನಿದ್ದುದನ್ನು, ಅಮ್ಮ ಇಂದಿಗೂ ತನ್ನದೇ ಏನೋ ತಪ್ಪೆಂದು ಕೊರಗುವುದನ್ನು ಹಿಂದುಮುಂದಾಗಿ ಹೇಳಿದೆ. ಹೇಳುತ್ತ ಅತ್ತೆ. ಐವತ್ತೊಂದರ ಹೆಂಗಸು, ಶಾಲೆಯಲ್ಲಿ ಮಕ್ಕಳು ನನ್ನ ಹೆಜ್ಜೆ ಸಪ್ಪಳಕ್ಕೇ ಸುಮ್ಮನಾಗುತ್ತಾರೆ, ಅಲ್ಲಿ ಮೂಗು ಒರೆಸಿಕೊಳ್ಳುತ್ತ ಅತ್ತೆ.

ಉಮ್ಮ ನನ್ನ ತಲೆಯ ಮೇಲೆ ಕೈಯಿಟ್ಟರು. "ನನಗೆ ಗೊತ್ತುಂಟಲ್ಲ. ನಾನು ಅಲ್ಲೇ ಇದ್ದೆ," ಎಂದರು. "ಮದುವೆಯ ಮೊದ್ಲು ಅವರು ಇನ್ನೊಮ್ಮೆ ಬರ್ತಾರೆ. ಬಂದು ನೋಡುವಾಗ ಪಾಗಾರ ಇದ್ದ ಹಾಗೆಯೇ ಇದ್ರೆ ಹುಡುಗಿ ಸುಳ್ಳು ಹೇಳಿದ್ದು ಅಂತ ಆಗ್ತದೆ. ನಿನ್ನ ಮಾತು ಉಳಿಯಲಿ ಅಂತ ಮಗನಿಗೆ ಹೇಳಿ ಕಟ್ಟಿಸಿದ್ದು."

ಇಷ್ಟು ವರ್ಷ ಅವರು ಸಿಟ್ಟಿನಿಂದ ಕಟ್ಟಿಸಿದ್ದೆಂದು ನಂಬಿದ್ದೆ. ಅದಾದರೆ ನನಗೆ ಸಲ್ಲಬೇಕಾದದ್ದೇ, ಹೇಗೋ ಸಹಿಸಿಕೊಂಡಿದ್ದೆ. ಇದನ್ನು ಸಹಿಸುವುದು ಹೇಗೆಂದು ತಿಳಿಯಲಿಲ್ಲ. ಮತ್ತೆ ಯಾಕೆ ಇಳಿಸಲಿಲ್ಲ ಎಂದು ಕೇಳಿದೆ.

"ನಿನ್ನ ಮದುವೆ ಆದ ಮೇಲೆ ಇಳಿಸುವಾ ಅಂತಲೇ ಇದ್ದೆ," ಎಂದರು. "ನೀವು ಯಾರೂ ಕೇಳ್ಲಿಲ್ಲ. ಒಂದು ವರ್ಷ ನೋಡಿದೆ, ಎರಡು ವರ್ಷ ನೋಡಿದೆ. ಮತ್ತೆ ನನಗೂ ಆಯ್ತು, ನಿಮಗೆ ಹೀಗೆಯೇ ಒಳ್ಳೆಯದೋ ಏನೋ ಅಂತ."

ಮುಂದಿನ ವಾರ ಮೇಸ್ತ್ರಿ ಬಂದ. ಉಮ್ಮನ ಮಗ ಈಗ ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ, ಅವನೂ ಅಂದು ಅಂಗಡಿಗೆ ಹೋಗದೆ ನಿಂತ. ಎಷ್ಟು ಇಳಿಸಬೇಕು ಟೀಚರ್ ಎಂದು ಅವನು ನನ್ನನ್ನು ಕೇಳಿದ, ನಾನು ಪೂರ್ತಿ ಎಂದೆ. ಉಮ್ಮ ಕುರ್ಚಿಯಿಂದಲೇ ಬೇಡವೆಂದರು. ಬ್ಲಾಕು ಮಾತ್ರ ತೆಗೆಯಿರಿ, ಕೆಂಪುಕಲ್ಲು ಮುಟ್ಟಬೇಡಿ, ನಿಂತು ಮಾತನಾಡುವಾಗ ಕೈ ಊರಲಿಕ್ಕೆ ಎಲ್ಲಿ ಹೋಗುವುದು ಎಂದರು. ಸುತ್ತಿಗೆಯ ಸದ್ದಿಗೆ ಅಕ್ಕಪಕ್ಕದವರು ಬಂದು, ಎಂತ, ಜಾಗದ ತಕರಾರಾ ಎಂದು ವಿಚಾರಿಸಿದರು. ನಮ್ಮ ಚಿಕ್ಕಪ್ಪ ಫೋನು ಮಾಡಿ, ಈ ಕಾಲದಲ್ಲಿ ಎಲ್ಲರೂ ಎತ್ತರಿಸುತ್ತಾರೆ, ನೀವು ಇಳಿಸುವುದಾ ಎಂದು ಕಳವಳಪಟ್ಟರು. ನಾಲ್ಕನೆಯ ಸಾಲು ಬ್ಲಾಕು ಇಳಿದಾಗ ಆಚೆ ಉಮ್ಮನ ಹಣೆ ಕಂಡಿತು. ಸೊಸೆಯ ತೋಳು ಹಿಡಿದು ಎದ್ದು ನಿಂತಿದ್ದರು.

ಕೊನೆಯ ಸಾಲೂ ಇಳಿದ ಮೇಲೆ ಕೆಲಸದವರು ಅಂಗಳದಲ್ಲಿ ಊಟಕ್ಕೆ ಕೂತರು. ನಾನು ಅಮ್ಮನ ಬೆನ್ನಿಗೆ ಎರಡು ದಿಂಬು ಕೊಟ್ಟು ಕಿಟಕಿಗೆ ಎದುರಾಗಿ ಕೂರಿಸಿದೆ. ಕಿಟಕಿಯಿಂದ ಪಾಗಾರಕ್ಕೆ ಐದಾರು ಅಡಿ ದೂರ. ಉಮ್ಮ ಮೊಣಕೈ ಎರಡನ್ನೂ ಕೆಂಪುಕಲ್ಲಿನ ಮೇಲೆ ಊರಿದರು. ಮನೆಯಲ್ಲಿ ಹಾಕುವ ಹಳೆಯ ಬಟ್ಟೆ, ತಲೆಗೆ ಸುತ್ತಿದ ಮಾಸಲು ತುಂಡು. ತುಂಬ ತೆಳ್ಳಗಾಗಿದ್ದೀರಿ ಅಕ್ಕ ಎಂದರು ಅಮ್ಮ. ಮೊನ್ನೆ ಬಂದಾಗಲೂ ಹೀಗೆಯೇ ಇದ್ದೆನಲ್ಲ ಎಂದರು ಉಮ್ಮ. ಅವತ್ತು ಸರಿಯಾಗಿ ನೋಡಲಿಲ್ಲ ಎಂದರು ಅಮ್ಮ.

ಆಮೇಲೆ ಅಮ್ಮ ಕೇಳಿಯೇ ಬಿಟ್ಟರು. "ನನ್ನಿಂದ ಎಂತ ತಪ್ಪಾಗಿತ್ತು ಅಕ್ಕ? ಹೇಳಿಬಿಡಿ. ಇನ್ನು ಎಷ್ಟು ದಿನ ನಾನು ಇರುವುದು?"

ಉಮ್ಮ ನನ್ನ ಕಡೆ ನೋಡಲೂ ಇಲ್ಲ. ನಿಮ್ಮದೆಂಥ ತಪ್ಪು, ಸೊಸೆ ಬರುತ್ತಾಳೆ, ಮರೆ ಬೇಕು ಎಂದು ಮಗ ಹಟ ಮಾಡಿದ ಎಂದು ಸಲೀಸಾಗಿ ಹೇಳಿದರು. ಮಗ ಅಲ್ಲೇ ನಿಂತಿದ್ದ, ಹೌದೆಂದು ತಲೆಯಾಡಿಸಿದ. ತಾಯಿಯೂ ಮಗನೂ ಸೇರಿ ಇನ್ನೊಮ್ಮೆ ನನ್ನ ಮಾನ ಕಾಯಲು ಹೊರಟಿದ್ದರು. ನಾನು ಒಪ್ಪಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮನ ಮುಖ ನೋಡಿದೆ. ಅವರು ಅದನ್ನು ನಂಬಿರಲಿಲ್ಲ.

"ಅಲ್ಲ ಅಮ್ಮ," ಎಂದೆ. "ನಾನು ಹೇಳಿದ ಒಂದು ಮಾತಿಗೆ ಅವರು ಕಟ್ಟಿಸಿದ್ದು."

ಎಲ್ಲವನ್ನೂ ಹೇಳಿದೆ, ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ, ತುಟಿ ಕಾಣುವಂತೆ ಎದುರು ಕೂತು. ಗಟ್ಟಿಯಾಗಿ ಹೇಳಬೇಕಾದ್ದರಿಂದ ಮೇಸ್ತ್ರಿಗೂ ಕೇಳಿಸಿರಬೇಕು, ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನ ಗಂಡನಿಗಂತೂ ಒಂದಕ್ಷರ ಬಿಡದೆ ಕೇಳಿಸಿತು. ಅವನ ಕೈಯಲ್ಲಿದ್ದ ಲೋಟಗಳು ಸದ್ದು ಮಾಡಿದವು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವರ ಬಲಗೈ ಹಾಸಿಗೆಯ ಮೇಲೆ ಏನನ್ನೋ ಹುಡುಕುವ ಹಾಗೆ ಆಡಿತು, ನಾನು ಅದನ್ನು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಆದರೆ ನನ್ನ ಕಡೆ ನೋಡದೆ ಕಿಟಕಿಯ ಆಚೆಗೇ ನೋಡುತ್ತಿದ್ದರು.

"ಅಕ್ಕ, ನೀವಾದ್ರೂ ಆಗ್ಲೇ ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದರು. "ನಿಮ್ಮನ್ನು ಬಿಟ್ಟು ಆಗುವ ಸಂಬಂಧ ನಮಗೆ ಬೇಡವೇ ಬೇಡ ಅಂತ ಅವತ್ತೇ ಅವರನ್ನು ಕಳಿಸ್ತಿದ್ದೆ."

ಉಮ್ಮ ಕಲ್ಲಿನ ಮೇಲೆ ಬಿದ್ದಿದ್ದ ಸಿಮೆಂಟಿನ ಚೂರುಗಳನ್ನು ಅಂಗೈಯಿಂದ ಒರೆಸುತ್ತಿದ್ದರು.

"ಕಳಿಸ್ತಿದ್ರಿ ಅಂತ ಗೊತ್ತಿತ್ತು ಅಕ್ಕ," ಎಂದರು. "ಅದಕ್ಕೇ ಹೇಳ್ಲಿಲ್ಲ."